ಪ್ರಯಾಣಿಕರು ಇಳಿದ ಮೇಲೂ ಹಡಗಿನಲ್ಲಿ ಜನರಿರುತ್ತಾರೆ

ಮಾನ್ಯ ಸಂಪಾದಕರೇ,

ವಿಹಾರ ಹಡಗೊಂದರ ಪ್ರಯಾಣ ನಡುವೆಯೇ ನಿಂತರೆ ಪತ್ರಿಕೆಗಳಲ್ಲಿ ಸುದ್ದಿ ಬರುತ್ತದೆ. ಬಿರುಗಾಳಿ, ಯುದ್ಧ, ಸೋಂಕು, ಎಂಜಿನ್ ದೋಷ, ಕಾರಣ ಯಾವುದೇ ಆಗಿರಲಿ, ಪ್ರಯಾಣಿಕರು ಯಾವುದೋ ಬಂದರಿನಲ್ಲಿ ಇಳಿದು ವಿಮಾನ ಹತ್ತಿದರು ಎಂಬಲ್ಲಿಗೆ ಸುದ್ದಿ ಮುಗಿಯುತ್ತದೆ. ಹಡಗು ಮಾತ್ರ ಅಲ್ಲೇ ಇರುತ್ತದೆ. ಅದರೊಳಗೆ ನೂರೋ ಇನ್ನೂರೋ ಜನ ಉಳಿದಿರುತ್ತಾರೆ. ಅವರಲ್ಲಿ ಬೆಂಗಳೂರಿನ ಹೋಟೆಲ್ ಮ್ಯಾನೇಜ್‌ಮೆಂಟ್ ಕಾಲೇಜುಗಳಲ್ಲಿ ಓದಿ ಹೋದ ಹುಡುಗ ಹುಡುಗಿಯರೂ ಇರುತ್ತಾರೆ. 'ಹಡಗು ಖಾಲಿಯಂತೆ, ಹದಿನೈದು ಮಹಡಿಯ ಹೋಟೆಲಿನಲ್ಲಿ ನಮ್ಮ ಮಗ ಆರಾಮಾಗಿದ್ದಾನೆ' ಎಂದು ಮನೆಯವರು ನೆಂಟರಿಗೆ ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ. ಖಾಲಿ ಹಡಗಿನಲ್ಲಿ ಕೆಲಸ ಕಡಿಮೆಯಾಗುವುದಿಲ್ಲ, ಅದನ್ನು ಮಾಡುವ ಕೈಗಳು ಕಡಿಮೆಯಾಗುತ್ತವೆ. ಅಲ್ಲಿ ಏನು ನಡೆಯುತ್ತದೆ, ಎಲ್ಲಿ ಎಡವಟ್ಟಾಗುತ್ತದೆ ಎಂಬುದು ಮನೆಯವರಿಗೂ ಪತ್ರಿಕೆಗೂ ತಿಳಿದಿರಲಿ ಎಂದು ಈ ಪತ್ರ ಬರೆಯುತ್ತಿದ್ದೇವೆ.

ಇದು ಎಲ್ಲೋ ಅಪರೂಪಕ್ಕೆ ಆಗುವ ಸಂಗತಿಯಲ್ಲ. ಕೋವಿಡ್ ಕಾರಣಕ್ಕೆ 2020ರ ಮಾರ್ಚ್ 14ರಂದು ಅಮೆರಿಕ ತನ್ನ ಬಂದರುಗಳಿಂದ ವಿಹಾರ ಹಡಗುಗಳ ಸಂಚಾರವನ್ನು ತಡೆದ ಮೇಲೆ ಜಗತ್ತಿನ ಹೆಚ್ಚುಕಡಿಮೆ ಎಲ್ಲ ಇಂಥ ಹಡಗುಗಳೂ ಲಂಗರು ಹಾಕಿ ನಿಂತವು. ಅದೇ ವರ್ಷದ ಏಪ್ರಿಲ್ 23ರಂದು ಮುಂಬೈಯಲ್ಲಿ ಮರೆಲ್ಲಾ ಡಿಸ್ಕವರಿ ಹಡಗಿನಿಂದ 145 ಭಾರತೀಯ ಸಿಬ್ಬಂದಿಯನ್ನು ಇಳಿಸಿಕೊಳ್ಳಲು ಸರ್ಕಾರ ವಿಶೇಷ ಅನುಮತಿ ಕೊಡಬೇಕಾಯಿತು. 2023ರ ನವೆಂಬರ್‌ನಿಂದ ಕೆಂಪು ಸಮುದ್ರದಲ್ಲಿ ದಾಳಿಗಳು ಶುರುವಾದಾಗ ಸೂಯೆಜ್ ಕಾಲುವೆಯ ದಾರಿ ಹಿಡಿಯಬೇಕಿದ್ದ ಹಡಗುಗಳು ಗುಡ್ ಹೋಪ್ ಭೂಶಿರ ಸುತ್ತಿ ಹೋದವು, ಕೆಲವು ಪ್ರಯಾಣಿಕರೇ ಇಲ್ಲದೆ ಹೋದವು.

ಮೊದಲು ನೀರಿನ ವಿಷಯ, ಏಕೆಂದರೆ ಅಪಾಯ ಶುರುವಾಗುವುದೇ ಅಲ್ಲಿಂದ. ಅಡುಗೆಮನೆ, ಲಾಂಡ್ರಿ ಎಲ್ಲ ಸೇರಿ ಹಡಗಿನಲ್ಲಿ ತಲೆಗೆ ದಿನಕ್ಕೆ ಸುಮಾರು 250 ಲೀಟರ್ ಸಿಹಿನೀರು ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಪ್ರಯಾಣಿಕರು, ಸಿಬ್ಬಂದಿ ಸೇರಿ 5,000 ಜನರಿದ್ದರೆ ದಿನಕ್ಕೆ 1,250 ಟನ್. ಟ್ಯಾಂಕುಗಳಲ್ಲಿ 2,500 ಟನ್ ನೀರಿದ್ದರೆ ಅದು ಎರಡು ದಿನಕ್ಕೆ ಮುಗಿಯುತ್ತದೆ, ಹೊಸ ನೀರು ಬಂದು ಸೇರುತ್ತಲೇ ಇರುತ್ತದೆ. ಅದೇ ಹಡಗಿನಲ್ಲಿ 100 ಜನ ಉಳಿದರೆ ದಿನದ ಖರ್ಚು 25 ಟನ್. ಎರಡು ದಿನಕ್ಕೆ ಖಾಲಿಯಾಗುತ್ತಿದ್ದ ನೀರು ಈಗ ನೂರು ದಿನ ಟ್ಯಾಂಕಿನಲ್ಲೇ ಕೂತಿರುತ್ತದೆ. ಕೂತ ನೀರಿನಲ್ಲಿ ಕ್ಲೋರಿನ್ ದಿನದಿನಕ್ಕೆ ಇಳಿಯುತ್ತದೆ. ಆದ್ದರಿಂದ ಮಾಡಬೇಕಾದ ಮೊದಲ ಕೆಲಸ, ಕೆಲವು ಟ್ಯಾಂಕುಗಳನ್ನು ಬರಿದು ಮಾಡಿ, ಒಣಗಿಸಿ, ಮುಚ್ಚಿ, ಒಂದೆರಡನ್ನು ಮಾತ್ರ ಬಳಕೆಯಲ್ಲಿ ಇಟ್ಟುಕೊಳ್ಳುವುದು.

ಟ್ಯಾಂಕಿಗಿಂತ ಕಷ್ಟದ್ದು ಪೈಪು. 2,000 ಕ್ಯಾಬಿನ್‌ಗಳಲ್ಲಿ 2,000 ಶವರ್, ಅಷ್ಟೇ ಬೇಸಿನ್. ಯಾರೂ ನಲ್ಲಿ ತಿರುಗಿಸದಿದ್ದರೆ ಪ್ರತಿ ಕ್ಯಾಬಿನ್ನಿನ ಕೊನೆಯ ಕೆಲವು ಅಡಿ ಪೈಪಿನಲ್ಲಿ ನೀರು ನಿಂತು ಕ್ಲೋರಿನ್ ಪೂರ್ತಿ ಹೋಗುತ್ತದೆ. ಉಷ್ಣವಲಯದ ಸಮುದ್ರದಲ್ಲಿ 'ತಣ್ಣೀರು' ಪೈಪು ಕೂಡ 28-30 ಡಿಗ್ರಿಗೆ ಏರಿರುತ್ತದೆ, ಬಿಸಿನೀರಿನ ಪೈಪು ಆರಿ ಅದೇ ಮಟ್ಟಕ್ಕೆ ಇಳಿದಿರುತ್ತದೆ. ಲೀಜಿಯೋನೆಲ್ಲಾ ಎಂಬ ಬ್ಯಾಕ್ಟೀರಿಯಾ ಹುಲುಸಾಗಿ ಬೆಳೆಯುವುದು ಸುಮಾರು 20ರಿಂದ 45 ಡಿಗ್ರಿ ಸೆಲ್ಸಿಯಸ್ ನಡುವೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ನಡೆದ ಸಮಾವೇಶದಿಂದ ಈ ಬ್ಯಾಕ್ಟೀರಿಯಾ ತರುವ ನ್ಯುಮೋನಿಯಾ ಲೋಕಕ್ಕೆ ಗೊತ್ತಾಯಿತು. ಇದು ಕುಡಿದ ನೀರಿಗಿಂತ ಉಸಿರಿನೊಡನೆ ಶ್ವಾಸಕೋಶಕ್ಕೆ ಹೋಗುವ ನೀರಿನ ಸೂಕ್ಷ್ಮ ಹನಿಗಳಿಂದ ಬರುತ್ತದೆ. ಅಂದರೆ ಶವರ್ ಬಿಡುವ ಕೆಲಸಕ್ಕೆ ಹೋದವರಿಗೇ ಮೊದಲ ಅಪಾಯ.

ಹಾಗಾಗಿ ವಾರಕ್ಕೊಮ್ಮೆಯಾದರೂ ಪ್ರತಿ ಕ್ಯಾಬಿನ್ನಿನ ಬಿಸಿ, ತಣ್ಣನೆಯ ಎರಡೂ ನೀರನ್ನು ಹರಿಸಬೇಕು. ಶವರ್ ಹಿಡಿಯನ್ನು ಕೆಳಗಿಳಿಸಿ ನೆಲದ ಜಾಲರಿಯ ಹತ್ತಿರ ಇಟ್ಟು ನಿಧಾನವಾಗಿ ತೆರೆದು, ಕೂಡಲೇ ಸ್ನಾನದ ಕೋಣೆಯಿಂದ ಹೊರಬಂದು ಬಾಗಿಲು ಎಳೆದುಕೊಳ್ಳಬೇಕು. ಬಿಸಿನೀರು ಸಂಗ್ರಹದಲ್ಲಿ 60 ಡಿಗ್ರಿ ಇರಬೇಕು. ಕಡೆಯ ನಲ್ಲಿಗಳಲ್ಲಿ ಕ್ಲೋರಿನ್ ಅಳೆಯಬೇಕು. ಅಮೆರಿಕದ ಬಂದರುಗಳಿಗೆ ಹೋಗುವ ಹಡಗುಗಳಿಗೆ ಅದು ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ, 5ಕ್ಕಿಂತ ಹೆಚ್ಚು ಇರುವಂತಿಲ್ಲ. ಲೆಕ್ಕ ಹಾಕಿ ನೋಡಿ. ವಾರಕ್ಕೆ 2,000 ಕ್ಯಾಬಿನ್ ಎಂದರೆ ದಿನಕ್ಕೆ 286. ಒಂದು ಶವರ್ ನಿಮಿಷಕ್ಕೆ 10 ಲೀಟರಿನಂತೆ ಐದು ನಿಮಿಷ ಹರಿದರೆ 50 ಲೀಟರ್, 2,000 ಶವರ್‌ಗೆ ಒಂದು ಲಕ್ಷ ಲೀಟರ್. ಬೆಂಗಳೂರಿನ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರಿಗೆ ಇದು ತಕ್ಷಣ ಅರ್ಥವಾದೀತು: 12,000 ಲೀಟರಿನ ಎಂಟು ಟ್ಯಾಂಕರಿಗೂ ಹೆಚ್ಚು ನೀರನ್ನು ಯಾರೂ ಬಳಸದೆ ಪ್ರತಿ ವಾರ ಚರಂಡಿಗೆ ಬಿಡಬೇಕು. ಒಂದೊಂದೇ ಕ್ಯಾಬಿನ್ ಮುಗಿಸುತ್ತ ಹೋದರೆ ದಿನ ಸಾಲುವುದಿಲ್ಲ. ಕಾರಿಡಾರಿನಲ್ಲಿ ಹತ್ತು ಕ್ಯಾಬಿನ್‌ಗಳ ನಲ್ಲಿ ತೆರೆಯುತ್ತ ಹೋಗಿ, ಹತ್ತನೆಯದನ್ನು ತೆರೆಯುವ ಹೊತ್ತಿಗೆ ಮೊದಲನೆಯದನ್ನು ಮುಚ್ಚಲು ಹಿಂದಿರುಗಬೇಕು. ಮುಚ್ಚಿದ ಪ್ರತಿ ನಲ್ಲಿಗೂ ಪಟ್ಟಿಯಲ್ಲಿ ಗುರುತು ಬೀಳಬೇಕು. ಗುರುತು ತಪ್ಪಿದ ಒಂದು ನಲ್ಲಿ ರಾತ್ರಿಯಿಡೀ ಹರಿದು ಕೆಳಗಿನ ಮೂರು ಡೆಕ್‌ಗಳ ಚಾವಣಿ ನೆನೆದದ್ದುಂಟು. ಊಟದ ಹಾಲ್‌ನಲ್ಲಿ ಬಡಿಸುತ್ತಿದ್ದವರಿಗೆ ಈಗ ಸಿಗುವ ಕೆಲಸ ಇದು.

ಎರಡು ತಿಂಗಳು ಅಮೆರಿಕದ ಮಗಳ ಮನೆಗೆ ಹೋಗಿ ವಾಪಸ್ ಬಂದು ಬೀಗ ತೆಗೆದವರಿಗೆ ಬಚ್ಚಲಿನ ವಾಸನೆ ಗೊತ್ತು. ನೆಲದ ಟ್ರ್ಯಾಪಿನಲ್ಲಿ ನೀರು ಒಣಗಿದರೆ ಚರಂಡಿಯ ಗಾಳಿ ಮೇಲೆ ಬರುತ್ತದೆ. ಹಡಗಿನಲ್ಲೂ ಅದೇ, ಪ್ರತಿ ಕ್ಯಾಬಿನ್ನಿನಲ್ಲೂ. ಅಲ್ಲಿಯ ಶೌಚಾಲಯ ಗಾಳಿಯನ್ನು ಹೀರಿ ಕೆಲಸ ಮಾಡುವಂಥದ್ದು, ಒಂದು ಸಲಕ್ಕೆ ಸುಮಾರು ಒಂದು ಲೀಟರ್ ನೀರು ಸಾಕು. ಆದರೆ ವಾರಗಟ್ಟಲೆ ಒತ್ತದಿದ್ದರೆ ಒಳಗಿನ ರಬ್ಬರ್ ಕವಾಟ ಒಣಗಿ ಸರಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಅಂಥ ಐವತ್ತು ಕವಾಟ ಸೋರಿದರೆ ನಿರ್ವಾತ ಪಂಪು ಬಿಡುವಿಲ್ಲದೆ ಓಡಿ ಸುಟ್ಟುಹೋಗುತ್ತದೆ. ಜನರಿರುವ ಕ್ಯಾಬಿನ್ನಿನಲ್ಲೂ ಆಮೇಲೆ ಫ್ಲಶ್ ಆಗುವುದಿಲ್ಲ. ನಲ್ಲಿ ಬಿಡಲು ಹೋದವರೇ ಫ್ಲಶ್ ಒತ್ತಿ, ನೆಲದ ಟ್ರ್ಯಾಪಿಗೆ ಒಂದು ಮಗ್ ನೀರು ಸುರಿದು ಬರಬೇಕು.

ಕೊಳಚೆ ನೀರಿನ ಸ್ಥಾವರದ ಪಾಡು ನಮ್ಮ ಅಪಾರ್ಟ್‌ಮೆಂಟ್ ಸಂಘದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊಸ ಅಪಾರ್ಟ್‌ಮೆಂಟಿಗೆ ಮೂರೇ ಮೂರು ಕುಟುಂಬ ಬಂದಿದ್ದಾಗ ಎಸ್‌ಟಿಪಿ ಏಕೆ ನಾರುತ್ತದೆ, ಅದಕ್ಕೆ ಸಗಣಿ ಬಗ್ಗಡವನ್ನು ಏಕೆ ಹಾಕುತ್ತಾರೆ ಎಂದು ಅವರಿಗೆ ತಿಳಿದಿದೆ. ಒಳಗಿನ ಬ್ಯಾಕ್ಟೀರಿಯಾಗಳಿಗೆ ತಿನ್ನಲು ಬೇಕು. ಐದು ಸಾವಿರ ಜನರ ಕೊಳಚೆಗೆ ಒಗ್ಗಿದ ಸ್ಥಾವರಕ್ಕೆ ದಿಢೀರನೆ ನೂರು ಜನರದ್ದು ಬಂದರೆ, ಅಂದರೆ ಶೇ 2ರಷ್ಟು, ಅವು ಹಸಿದು ಸಾಯುತ್ತವೆ. ಸ್ಥಾವರದ ಒಂದು ಸಾಲನ್ನು ನಿಲ್ಲಿಸಿ, ಉಳಿದ ಸಾಲಿಗೆ ಗಾಳಿ ಊದುವುದನ್ನು ಕಡಿಮೆ ಮಾಡಿ, ಅಡುಗೆಮನೆಯಲ್ಲಿ ತೊಳೆದು ಬಿಟ್ಟ ನೀರನ್ನು ಹದವಾಗಿ ಬಿಟ್ಟು ಅದನ್ನು ಉಳಿಸಿಕೊಳ್ಳಬೇಕು. ನಿಲ್ಲಿಸಿದ ಸಾಲಿನಲ್ಲಿ ನೀರು ಸೋಸುವ ಪೊರೆಗಳು ಒಣಗದಂತೆ ನೋಡಬೇಕು. ಒಣಗಿದರೆ ಅವು ಮತ್ತೆ ಕೆಲಸಕ್ಕೆ ಬಾರವು.

ಎಂಜಿನ್ನಿನ ತೊಂದರೆ ಕಣ್ಣಿಗೆ ಬೀಳುವುದಿಲ್ಲ. ಈ ಹಡಗುಗಳಲ್ಲಿ ದೊಡ್ಡ ಡೀಸೆಲ್ ಎಂಜಿನ್‌ಗಳು ವಿದ್ಯುತ್ ಉತ್ಪಾದಿಸುತ್ತವೆ, ಆ ವಿದ್ಯುತ್ತಿನಿಂದಲೇ ದೀಪ, ಹವಾನಿಯಂತ್ರಣ, ಪ್ರೊಪೆಲ್ಲರ್ ಎಲ್ಲ. ಲಂಗರಿನಲ್ಲಿ ನಿಂತ ಖಾಲಿ ಹಡಗಿಗೆ, ಉದಾಹರಣೆಗೆ, 3 ಮೆಗಾವಾಟ್ ಸಾಕಾದರೆ 12 ಮೆಗಾವಾಟ್‌ನ ಎಂಜಿನ್ ಕಾಲುಭಾಗದ ಹೊರೆಯಲ್ಲಿ ಓಡುತ್ತದೆ. ಗಾಳಿ ಜೋರಾದಾಗ ಕರೆಂಟ್ ಹೋಗಬಾರದೆಂದು ಎರಡನೆಯದನ್ನೂ ಹಚ್ಚಿದರೆ ಪ್ರತಿಯೊಂದರ ಹೊರೆ ಇನ್ನೂ ಅರ್ಧಕ್ಕೆ ಇಳಿಯುತ್ತದೆ. ಕಡಿಮೆ ಹೊರೆಯಲ್ಲಿ ಇಂಧನ ಪೂರ್ತಿ ಉರಿಯುವುದಿಲ್ಲ. ಮಸಿ ಟರ್ಬೋಚಾರ್ಜರಿನಲ್ಲೂ ಹೊಗೆಕೊಳವೆಯಲ್ಲೂ ಕೂರುತ್ತದೆ, ಸಿಲಿಂಡರಿನ ಒಳಮೈ ನುಣುಪಾಗಿ ಎಣ್ಣೆ ಹಿಡಿದುಕೊಳ್ಳುವುದನ್ನು ಬಿಡುತ್ತದೆ. ಮಸಿ ಮತ್ತು ಎಣ್ಣೆ ಕೂಡಿದ ಕೊಳವೆಗೆ ಒಂದು ದಿನ ಬೆಂಕಿಯೂ ಹತ್ತಬಹುದು. ಕಡಿಮೆ ಹೊರೆಯಲ್ಲಿ ಓಡಿದ ಎಂಜಿನ್ನಿಗೆ ಆಗಾಗ ಒಂದೆರಡು ಗಂಟೆ ಶೇ 70ರ ಆಸುಪಾಸಿನ ಹೊರೆ ಕೊಟ್ಟು ಮಸಿ ಸುಡಬೇಕು. ಖಾಲಿ ಹಡಗಿನಲ್ಲಿ ಅಷ್ಟು ಹೊರೆ ಎಲ್ಲಿಂದ ತರುವುದು? ಪ್ರೊಪೆಲ್ಲರ್ ತಿರುಗಿಸಿಯೇ ತರಬೇಕು.

ಲಂಗರು ಹಾಕಿದ ಹಡಗು ಕೆಲವು ದಿನಕ್ಕೊಮ್ಮೆ ಕಾರಣವಿಲ್ಲದೆ ಸಮುದ್ರಕ್ಕೆ ಹೋಗಿ ಬಂದಂತೆ ದಡದಲ್ಲಿ ನಿಂತವರಿಗೆ ಕಾಣುತ್ತದೆ. ಕಾರಣ ಮೇಲಿನದ್ದೆಲ್ಲ. ಹಡಗುಗಳಿಂದ ಸಮುದ್ರ ಮಲಿನವಾಗುವುದನ್ನು ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ನಿಯಮದ ಪ್ರಕಾರ ಸಂಸ್ಕರಿಸದ ಕೊಳಚೆಯನ್ನು ದಡದಿಂದ 12 ನಾಟಿಕಲ್ ಮೈಲಿಗಿಂತ ಆಚೆ, ಹಡಗು ಕನಿಷ್ಠ 4 ನಾಟ್ ವೇಗದಲ್ಲಿ ಸಾಗುತ್ತಿರುವಾಗ ಮಾತ್ರ, ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಪುಡಿ ಮಾಡಿದ ಅಡುಗೆ ತ್ಯಾಜ್ಯಕ್ಕೆ 3 ಮೈಲಿ, ಪುಡಿ ಮಾಡದ್ದಕ್ಕೆ 12 ಮೈಲಿ. ಸಮುದ್ರದ ನೀರನ್ನು ಸಿಹಿನೀರು ಮಾಡುವ ಯಂತ್ರವನ್ನು ಬಂದರಿನ ಕೊಳಕು ನೀರಿನಲ್ಲಿ ಓಡಿಸುವುದಿಲ್ಲ. ಜೊತೆಗೆ ಆವಿಯಾಗಿಸುವ ಯಂತ್ರಕ್ಕೆ ಬೇಕಾದ ಶಾಖ ಬರುವುದು ಎಂಜಿನ್ನಿನ ತಂಪುನೀರಿನಿಂದ, ಎಂಜಿನ್ ಆಕಳಿಸುತ್ತಿದ್ದರೆ ಶಾಖವೂ ಇಲ್ಲ, ನೀರೂ ಇಲ್ಲ. ಬೆಚ್ಚಗಿನ ನೀರಿನಲ್ಲಿ ನಿಂತ ಹಡಗಿನ ಅಡಿಗೆ ಪಾಚಿ, ಚಿಪ್ಪುಹುಳ ಅಂಟಿಕೊಳ್ಳುತ್ತವೆ; ತಂಪಿಗಾಗಿ ಸಮುದ್ರದ ನೀರು ಎಳೆದುಕೊಳ್ಳುವ ಕಿಂಡಿಗಳೂ ಕಟ್ಟಿಕೊಳ್ಳುತ್ತವೆ. ಒಂದು ದಿನದ ಓಟದಲ್ಲಿ ಎಂಜಿನ್ ಮಸಿ ಸುಡುತ್ತದೆ, ಕೊಳಚೆ ಟ್ಯಾಂಕು ಬರಿದಾಗುತ್ತದೆ, ಹೊಸ ನೀರು ತಯಾರಾಗುತ್ತದೆ, ಹಡಗಿನ ಅಡಿ ಸ್ವಲ್ಪ ತೊಳೆಯುತ್ತದೆ. ಇಂಧನ ಉಳಿಸಲೆಂದು ಈ ಓಟವನ್ನು ಮುಂದೂಡುವ ಕಂಪನಿ ಹಡಗನ್ನೂ ಜನರನ್ನೂ ಒಟ್ಟಿಗೆ ಹಾಳು ಮಾಡುತ್ತದೆ.

ಖಾಲಿ ಕ್ಯಾಬಿನ್‌ಗಳ ಹವಾನಿಯಂತ್ರಣವನ್ನು ಪೂರ್ತಿ ನಿಲ್ಲಿಸುವ ಹಾಗಿಲ್ಲ. ತೇವಾಂಶ ಶೇ 60 ದಾಟಿದರೆ ಆಷಾಢದ ಮಲೆನಾಡಿನ ಬೀರುವಿನಂತೆ ಹಾಸಿಗೆ, ಪರದೆ, ಕಾರ್ಪೆಟ್ ಎಲ್ಲ ಬೂಷ್ಟು ಹಿಡಿಯುತ್ತವೆ. ಬಾಗಿಲು ತೆರೆದಿಟ್ಟರೆ ಗಾಳಿಯಾಡುತ್ತದೆ ಎಂದು ಹೊಸಬರಿಗೆ ಅನ್ನಿಸುವುದು ಸಹಜ, ಆದರೆ ಕ್ಯಾಬಿನ್ ಬಾಗಿಲು ಬೆಂಕಿಯನ್ನು ತಡೆಯುವ ಬಾಗಿಲು, ಅದಕ್ಕೆ ಬೆಣೆ ಕೊಟ್ಟು ನಿಲ್ಲಿಸಕೂಡದು. ಬೆಡ್‌ಶೀಟ್ ತೆಗೆದು, ಹಾಸಿಗೆಯನ್ನು ಗೋಡೆಗೆ ಒರಗಿಸಿ, ಬೀರು, ಡ್ರಾಯರ್, ಬಚ್ಚಲ ಬಾಗಿಲು ತೆರೆದಿಟ್ಟು, ಹೊರಬಾಗಿಲನ್ನು ಮಾತ್ರ ಮುಚ್ಚಬೇಕು.

ಸುರಕ್ಷತೆಯ ಕೆಲಸ ಜನ ಇಳಿದರೆಂದು ಇಳಿಯುವುದಿಲ್ಲ. ಲೈಫ್‌ಬೋಟಿನ ಎಂಜಿನ್ ವಾರಕ್ಕೆ ಕನಿಷ್ಠ 3 ನಿಮಿಷ ಓಡಬೇಕು. ಮೂರು ತಿಂಗಳಿಗೊಮ್ಮೆ ಬೋಟನ್ನು ನೀರಿಗಿಳಿಸಿ ನಡೆಸಿ ನೋಡಬೇಕು. ಕರೆಂಟ್ ಹೋದ 45 ಸೆಕೆಂಡಿನೊಳಗೆ ತುರ್ತು ಜನರೇಟರ್ ಹೊರೆ ಹೊರಬೇಕು. ಇದಕ್ಕಿಂತ ಮುಖ್ಯವಾದದ್ದು ಮಸ್ಟರ್ ಪಟ್ಟಿ, ಅಂದರೆ ಅಪಾಯದ ಗಂಟೆ ಬಾರಿಸಿದಾಗ ಯಾರು ಎಲ್ಲಿಗೆ ಓಡಬೇಕು ಎಂಬ ಪಟ್ಟಿ. ಸಾವಿರದ ಇನ್ನೂರು ಸಿಬ್ಬಂದಿಗೆಂದು ಬರೆದ ಪಟ್ಟಿ ನೂರೈವತ್ತು ಜನರಿಗೆ ಹೊಂದುವುದಿಲ್ಲ. ಅದನ್ನು ಹೊಸದಾಗಿ ಬರೆಯದೆ ಹೆಸರು ಅಳಿಸುತ್ತ ಹೋದರೆ ಒಬ್ಬನೇ ಬೆಂಕಿ ನಂದಿಸುವ ತಂಡದಲ್ಲೂ ಲೈಫ್‌ಬೋಟಿನಲ್ಲೂ ಇರುತ್ತಾನೆ. ಕಾಗದದ ಮೇಲೆ ಎರಡೂ ಜಾಗ ತುಂಬಿರುತ್ತವೆ, ನಿಜದಲ್ಲಿ ಒಂದು ಖಾಲಿ. ಜನ ಕಡಿಮೆಯಾದಾಗ ನಿದ್ದೆಯೂ ಮೊದಲು ಕಡಿತವಾಗುತ್ತದೆ. ನಿಯಮ ಸ್ಪಷ್ಟವಿದೆ: 24 ಗಂಟೆಯಲ್ಲಿ ಕನಿಷ್ಠ 10 ಗಂಟೆ ವಿಶ್ರಾಂತಿ, ವಾರಕ್ಕೆ 77 ಗಂಟೆ, ಅದನ್ನು ಎರಡಕ್ಕಿಂತ ಹೆಚ್ಚು ಭಾಗ ಮಾಡುವಂತಿಲ್ಲ, ಒಂದು ಭಾಗ 6 ಗಂಟೆಗೆ ಕಡಿಮೆ ಇರುವಂತಿಲ್ಲ.

ಕೆಲವೊಮ್ಮೆ ಐವತ್ತು ಅರವತ್ತು ಪ್ರಯಾಣಿಕರೂ ಉಳಿಯುತ್ತಾರೆ. ಅವರಿಗೊಂದೆರಡು ಮಾತು. ನಿಮ್ಮನ್ನು ಒಂದೇ ಕಡೆಯ ಕ್ಯಾಬಿನ್‌ಗಳಿಗೆ ಬದಲಾಯಿಸಿದರೆ ಬೇಸರ ಮಾಡಿಕೊಳ್ಳಬೇಡಿ. ಹಡಗನ್ನು ಅಡ್ಡಲಾಗಿ ಬೆಂಕಿ ತಡೆಯುವ ವಲಯಗಳಾಗಿ ಕತ್ತರಿಸಿರುತ್ತಾರೆ, ಜನ ಒಂದೆರಡು ವಲಯಗಳಲ್ಲಿದ್ದರೆ ಕಾಪಾಡುವುದು ಸುಲಭ. ಆದರೆ ಕ್ಯಾಬಿನ್ ಬದಲಾದ ಕೂಡಲೇ ಹೊಸ ಕಾರ್ಡ್ ಕೇಳಿ ಪಡೆಯಿರಿ, ಹಳೆಯದರ ಮೇಲೆ ಹಳೆಯ ಮಸ್ಟರ್ ಜಾಗ ಅಚ್ಚಾಗಿರುತ್ತದೆ. ಲಂಗರಿನಲ್ಲಿ ಹೊಯ್ದಾಟ ಹೆಚ್ಚಾದರೆ ಗಾಬರಿ ಬೇಡ, ಹೊಯ್ದಾಟ ತಗ್ಗಿಸುವ ರೆಕ್ಕೆಗಳು ಹಡಗು ಓಡುವಾಗ ಮಾತ್ರ ಕೆಲಸ ಮಾಡುತ್ತವೆ. ಹೊರಡುವಾಗಲೇ ಹದಿನೈದು ದಿನದ ಹೆಚ್ಚುವರಿ ಔಷಧಿ, ವೈದ್ಯರ ಚೀಟಿ ಸಮೇತ ಇಟ್ಟುಕೊಳ್ಳಿ. ದಾರಿ ಬದಲಾದರೆ ನಿಮ್ಮಲ್ಲಿ ವೀಸಾ ಇಲ್ಲದ ದೇಶದ ಬಂದರಿಗೆ ಹಡಗು ಹೋಗಬಹುದು. ಒಂದೇ ಪ್ರವೇಶದ ಷೆಂಗೆನ್ (ಯುರೋಪಿನ ಹಲವು ದೇಶಗಳಿಗೆ ಸೇರಿ ಕೊಡುವ) ವೀಸಾ ಇದ್ದವರು ಹೊರಗೆ ಹೋಗಿ ಮತ್ತೆ ಒಳಗೆ ಬರಲಾಗದೆ ಸಿಕ್ಕಿಕೊಳ್ಳುತ್ತಾರೆ.

ಊಟದಲ್ಲಿ ಮೊದಲು ಮುಗಿಯುವುದು ಸೊಪ್ಪು, ಆಮೇಲೆ ಹಣ್ಣು. ಅಕ್ಕಿ, ಬೇಳೆ, ಫ್ರೀಜರಿನ ಮಾಂಸ ತಿಂಗಳುಗಟ್ಟಲೆ ಇರುತ್ತವೆ. ಹೊಟ್ಟೆಗೆ ಸಾಮಾನ್ಯವಾಗಿ ಕೊರತೆಯಾಗುವುದಿಲ್ಲ.

ಕೊರತೆ ಬರುವುದು ಸಂಬಳದಲ್ಲಿ. ವೇಟರ್, ಕ್ಯಾಬಿನ್ ಸ್ಟೀವರ್ಡ್‌ಗಳ ಆದಾಯದ ದೊಡ್ಡ ಪಾಲು ಪ್ರಯಾಣಿಕರಿಂದ ಬರುವ ಟಿಪ್ಸ್. ಏಜೆಂಟ್ ಮನೆಗೆ ಬಂದು ಹೇಳಿದ ಮೊತ್ತದಲ್ಲಿ ಅದೂ ಸೇರಿರುತ್ತದೆ. ಪ್ರಯಾಣಿಕರು ಇಳಿದ ದಿನ ಅದು ನಿಲ್ಲುತ್ತದೆ. ಆದ್ದರಿಂದ ಸಹಿ ಹಾಕುವ ಮುನ್ನ ಕರಾರಿನಲ್ಲಿ ಹುಡುಕಬೇಕಾದ ಅಂಕಿ ಒಂದೇ: ಪ್ರಯಾಣಿಕರಿರಲಿ ಇಲ್ಲದಿರಲಿ, ಖಾತರಿಯಾಗಿ ಸಿಗುವ ತಿಂಗಳ ಸಂಬಳ ಎಷ್ಟು. ನೇಮಕ ಮಾಡುವ ಕಂಪನಿಗೆ ಹಡಗು ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್, ಅಂದರೆ ನಾವಿಕರ ನೇಮಕಾತಿಯ ಪರವಾನಗಿ ಇದೆಯೇ ಎಂದು ಅದರ ಜಾಲತಾಣದಲ್ಲೇ ನೋಡಿಕೊಳ್ಳಬಹುದು. ಕೆಲಸ ಕೊಡಿಸಲು ಹಣ ಕೇಳುವುದು ಕಡಲ ಕಾರ್ಮಿಕ ಒಪ್ಪಂದಕ್ಕೆ ವಿರುದ್ಧ. ಭಾರತ 2015ರಲ್ಲಿ ಅದನ್ನು ಅಂಗೀಕರಿಸಿದೆ. ವೈದ್ಯಕೀಯ ಪ್ರಮಾಣಪತ್ರ, ಸಿಡಿಸಿ ಪುಸ್ತಕ (ನಾವಿಕನ ಸೇವಾ ದಾಖಲೆ), ಪಾಸ್‌ಪೋರ್ಟ್ ಖರ್ಚನ್ನು ಮಾತ್ರ ಅಭ್ಯರ್ಥಿ ಹೊರಬೇಕು, ವೀಸಾ ಖರ್ಚು ಕೂಡ ಹಡಗಿನ ಮಾಲೀಕರದ್ದು. ಈ ಊರಿನಲ್ಲಿ ಲಕ್ಷಗಟ್ಟಲೆ ಸಾಲ ಮಾಡಿ ಏಜೆಂಟಿಗೆ ಸುರಿಯುವ ತಂದೆ ತಾಯಿಗಳು ಇದನ್ನು ದಯವಿಟ್ಟು ಗಮನಿಸಬೇಕು.

ಎರಡು ತಿಂಗಳ ಸಂಬಳ ಬರದಿದ್ದರೆ, ಅಥವಾ ಊರಿಗೆ ಕಳಿಸುವ ಖರ್ಚನ್ನು ಮಾಲೀಕ ಕೊಡದಿದ್ದರೆ, ಅದೇ ಒಪ್ಪಂದದ ಪ್ರಕಾರ ಆ ನಾವಿಕನನ್ನು ಕೈಬಿಡಲಾಗಿದೆ ಎಂದೇ ಅರ್ಥ. ಅಂಥ ಸ್ಥಿತಿಗೆಂದು ಪ್ರತಿ ಹಡಗಿನಲ್ಲೂ ವಿಮಾ ಪ್ರಮಾಣಪತ್ರ ಎಲ್ಲರಿಗೂ ಕಾಣುವ ಜಾಗದಲ್ಲಿ ಅಂಟಿಸಿರಬೇಕು. ನಾಲ್ಕು ತಿಂಗಳವರೆಗಿನ ಬಾಕಿ ಸಂಬಳ ಮತ್ತು ಊರಿಗೆ ಮರಳುವ ಖರ್ಚು ಆ ವಿಮೆಯಿಂದ ಬರುತ್ತದೆ. ಹಡಗು ಹತ್ತಿದ ಮೊದಲ ವಾರವೇ ಅದರ ಫೋಟೊ ತೆಗೆದು ಮನೆಗೆ ಕಳಿಸಲು ಮಕ್ಕಳಿಗೆ ಹೇಳಿ. ಕರಾರಿನ ಪ್ರತಿ, ಹಡಗು ಯಾವ ದೇಶದ ಬಾವುಟದ ಅಡಿ ನೋಂದಣಿಯಾಗಿದೆ ಎಂಬುದು, ಹಡಗಿನ ಗುರುತಿನ ಐಎಂಒ ಸಂಖ್ಯೆ, ಇವೂ ಮನೆಯಲ್ಲಿರಲಿ.

ಫೋನಿನ ವಿಷಯವನ್ನೂ ಹೇಳಲೇಬೇಕು. ಖಾಲಿ ಹಡಗಿನಲ್ಲಿ ಸಿಬ್ಬಂದಿಗೆ ಪ್ರಯಾಣಿಕರ ಕ್ಯಾಬಿನ್ ಕೊಡುವುದುಂಟು, ಬಾಲ್ಕನಿಯೂ ಸಿಗಬಹುದು. ನಾಲ್ಕು ಜನರ ಗದ್ದಲದಲ್ಲಿದ್ದವರು ಒಬ್ಬೊಬ್ಬರೇ ಆಗುತ್ತಾರೆ. ಸೈನ್ ಆಫ್, ಅಂದರೆ ಕೆಲಸ ಮುಗಿಸಿ ಇಳಿಯುವ ದಿನಾಂಕ ಮುಂದೆ ಮುಂದೆ ಹೋಗುತ್ತಿರುತ್ತದೆ. 2020ರ ಕೊನೆಗೆ ಕರಾರು ಮುಗಿದರೂ ಹಡಗಿನಲ್ಲೇ ಉಳಿದ ನಾವಿಕರು ಸುಮಾರು 4 ಲಕ್ಷ ಎಂದು ಅಂತರರಾಷ್ಟ್ರೀಯ ಕಡಲ ಸಂಸ್ಥೆ ಹೇಳಿತ್ತು. ಆ ವರ್ಷ ವಿಹಾರ ಹಡಗುಗಳಲ್ಲಿ ಜೀವ ಕಳೆದುಕೊಂಡ ಸಿಬ್ಬಂದಿಯೂ ಇದ್ದರು. 'ಆರಾಮಾಗಿದ್ದೀಯಲ್ಲ' ಎಂದು ನಾವೇ ಉತ್ತರ ಹೇಳಿ ಮಾತು ಮುಗಿಸಬಾರದು. ಇವತ್ತು ಏನು ಕೆಲಸ, ಎಷ್ಟು ಗಂಟೆ ನಿದ್ದೆ, ಊಟಕ್ಕೆ ಯಾರ ಜೊತೆ ಕೂತೆ ಎಂದು ಕೇಳಿ. ವಾರಕ್ಕೆ ಇಂಥ ದಿನ ಇಷ್ಟು ಹೊತ್ತಿಗೆ ಎಂದು ಗೊತ್ತು ಮಾಡಿಕೊಳ್ಳಿ. ಎರಡು ಸಲ ಕರೆ ತಪ್ಪಿದರೆ ನೇಮಕ ಮಾಡಿದ ಕಂಪನಿಗೆ ಬರವಣಿಗೆಯಲ್ಲೇ ಕೇಳಿ.

ಪತ್ರಿಕೆಯಲ್ಲಿ ನಮ್ಮ ಕೋರಿಕೆ ಇಷ್ಟು. ಇನ್ನು ಮುಂದೆ ಇಂಥ ಸುದ್ದಿ ಬರೆಯುವಾಗ ಇಳಿದವರ ಸಂಖ್ಯೆಯ ಪಕ್ಕದಲ್ಲೇ ಉಳಿದವರ ಸಂಖ್ಯೆಯನ್ನೂ ಬರೆಯಿರಿ. ಹಡಗು ಕಟ್ಟೆಗೆ ಕಟ್ಟಿದೆಯೇ, ಲಂಗರಿನಲ್ಲಿದೆಯೇ, ಯಾವ ದೇಶದ ಬಾವುಟ, ಸಿಬ್ಬಂದಿ ದಡಕ್ಕಿಳಿದು ಬದಲಿಯವರು ಹತ್ತಲು ಅನುಮತಿ ಇದೆಯೇ ಎಂದು ಕೇಳಿ ಬರೆಯಿರಿ. ಎರಡು ತಿಂಗಳ ಬಳಿಕ ಅದೇ ಹಡಗಿನ ಬಗ್ಗೆ ಇನ್ನೊಂದು ಸಲ ವಿಚಾರಿಸಿ, ಏಕೆಂದರೆ ಸಂಬಳ ನಿಂತಿದ್ದರೆ ಕಾನೂನು ನೆರವಿಗೆ ಬರುವುದು ಆ ಹೊತ್ತಿಗೆ.

ಇಂತಿ,
ಹಡಗುಗಳ ಎಂಜಿನ್ ಮತ್ತು ಹೋಟೆಲ್ ವಿಭಾಗಗಳನ್ನು ಬಲ್ಲ ಕೆಲವರು,
ಬೆಂಗಳೂರು